ಕಡಿಮೆ ಬೆಲೆಯ ಬ್ಲಶ್, ಐಶ್ಯಾಡೋ ಪ್ಯಾಲೆಟ್‌ಗಳನ್ನು ಪರೀಕ್ಷಿಸುವ ಬಗೆ

ಬೆರಳಿನಿಂದ ಪ್ಯಾನ್ (ಬಣ್ಣದ ಪುಡಿ ಒತ್ತಿಟ್ಟ ಪುಟ್ಟ ತಟ್ಟೆ) ಉಜ್ಜಿ, ಕೈ ಮೇಲೆ ಒಂದು ಗೆರೆ ಎಳೆದು, ಆ ಗೆರೆ ನೋಡಿಯೇ ಐಶ್ಯಾಡೋ ಕೊಳ್ಳುವವರು ಹೆಚ್ಚು. ಬೆರಳಿನ ಬಿಸಿ ಮತ್ತು ಚರ್ಮದ ಎಣ್ಣೆ ಸೇರಿದರೆ ಎಂಥ ಸಪ್ಪೆ ಪುಡಿಯೂ ಗಾಢವಾಗಿ ಅಂಟಿಕೊಳ್ಳುತ್ತದೆ. ಶಿಮ್ಮರ್ ಅಂತೂ ಬೆರಳಲ್ಲಿ ಹಚ್ಚಿದರೆ ಅಗ್ಗದ್ದೂ ಮಿನುಗುತ್ತದೆ, ದುಬಾರಿಯದೂ ಮಿನುಗುತ್ತದೆ. ಹುಳುಕು ಗೊತ್ತಾಗುವುದು ಬ್ರಷ್ ಹಿಡಿದಾಗ, ಅದರಲ್ಲೂ ಹೊಳಪಿಲ್ಲದ ಮ್ಯಾಟ್ ಶೇಡ್‌ಗಳಲ್ಲಿ, ಮತ್ತೆ ಹಚ್ಚಿ ಐದಾರು ಗಂಟೆ ಕಳೆದ ಮೇಲೆ.

ಪರೀಕ್ಷೆಗೆ ಕೂರುವ ಮುಂಚೆ ನಿಮಗೆ ಚೆನ್ನಾಗಿ ಒಗ್ಗಿರುವ ಒಂದು ಬ್ಲಶ್, ಒಂದು ಕಂದು ಮ್ಯಾಟ್ ಐಶ್ಯಾಡೋ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಕೆನ್ನೆಗೆ ಹಳೆಯದು, ಇನ್ನೊಂದಕ್ಕೆ ಹೊಸದು. ರೆಪ್ಪೆಗಳಿಗೂ ಹಾಗೆಯೇ. ಸನ್‌ಸ್ಕ್ರೀನ್, ಫೌಂಡೇಶನ್, ಬ್ರಷ್ ಮಾತ್ರ ಎರಡೂ ಬದಿಗೆ ಒಂದೇ ಇರಲಿ. ಹೊಸ ಪ್ರೈಮರ್ (ಮೇಕಪ್ ಹಿಡಿದು ನಿಲ್ಲಲೆಂದು ಮೊದಲು ಹಚ್ಚುವುದು), ಹೊಸ ಫೌಂಡೇಶನ್, ಹೊಸ ಬ್ಲಶ್ ಮೂರನ್ನೂ ಒಂದೇ ದಿನ ಹಚ್ಚಿದರೆ ತೇಪೆ ಬಿದ್ದದ್ದು ಯಾವುದರಿಂದ ಅಂತ ಹೇಳುವುದು ಯಾರಿಂದಲೂ ಆಗದು. ಕಿಟಕಿಗೆ ಮುಖ ಮಾಡಿ ಹಗಲು ಬೆಳಕಿನಲ್ಲಿ ಕೂರಿ. ನೇರ ಬಿಸಿಲು ಬೇಡ. ಹಳದಿ ಬಲ್ಬಿನಡಿ ಬೂದಿ ಛಾಯೆ ಕಣ್ಣಿಗೆ ಬೀಳುವುದಿಲ್ಲ. ಫೋಟೋ ತೆಗೆಯುವುದಾದರೆ ಫೋನಿನ ಬ್ಯೂಟಿ ಫಿಲ್ಟರ್ ಆಫ್ ಮಾಡಿ.

ಮುಂಗೈ ಮೇಲೆ ಎರಡು ಪಟ್ಟಿ

ಮುಂಗೈಯ ಒಳಭಾಗದಲ್ಲಿ ಒಂದು ಪಟ್ಟಿ ಹಾಗೇ ಬಿಡಿ. ಪಕ್ಕದ ಪಟ್ಟಿಗೆ ತೆಳ್ಳಗೆ ಕನ್ಸೀಲರ್ (ಕಲೆ ಮರೆಸಲು ಹಚ್ಚುವುದು) ಹಚ್ಚಿ, ಮೇಲೆ ಸ್ವಲ್ಪ ಪೌಡರ್ ಒತ್ತಿ. ಬ್ರಷ್ಷನ್ನು ಪ್ಯಾನಿನ ಮೇಲೆ ಎರಡೇ ಸಲ ಸವರಿ ಎರಡೂ ಪಟ್ಟಿಗಳ ಮೇಲೆ ಎಳೆಯಿರಿ. ಬಣ್ಣ ಕಾಣುತ್ತಿದೆಯೇ ಅನ್ನುವುದು ಮೊದಲ ಪ್ರಶ್ನೆ. ಆಮೇಲೆ ಸ್ವಚ್ಛ ಬ್ರಷ್‌ನಿಂದ ಅಂಚನ್ನು ಐದು ಸೆಕೆಂಡು ಮೃದುವಾಗಿ ತಿಕ್ಕಿ. ಒಳ್ಳೆಯ ಮ್ಯಾಟ್ ಅಂಚಿನಲ್ಲಿ ತೆಳುವಾಗುತ್ತಾ ಚರ್ಮದಲ್ಲಿ ಕರಗುತ್ತದೆ, ನಡುವಿನ ಬಣ್ಣ ಹಾಗೇ ಉಳಿಯುತ್ತದೆ. ಕಳಪೆಯದು ನಡುವಿನಲ್ಲೇ ಎದ್ದುಹೋಗಿ ಬೋಳು ಕಲೆ ಬಿಡುತ್ತದೆ. ಪಟ್ಟಿ ಮೇಲೆ ಒಮ್ಮೆ ಊದಿ ನೋಡಿ. ಪುಡಿ ಹಾರಿದರೆ ಅದೇ ನಾಳೆ ಕಣ್ಣಿನ ಕೆಳಗೆ ಉದುರುವುದು.

ಕನ್ಸೀಲರ್ ಪಟ್ಟಿಯ ಮೇಲೆ ಚೆನ್ನಾಗಿ, ಬರೀ ಚರ್ಮದ ಮೇಲೆ ಸಾಧಾರಣವಾಗಿ ಕೂತರೆ ಅದು ದೊಡ್ಡ ದೋಷವಲ್ಲ. ಆದರೆ ದಿನಾ ಪ್ರೈಮರ್ ಹಚ್ಚುವ ಅಭ್ಯಾಸ ನಿಮಗಿಲ್ಲದಿದ್ದರೆ ಅಲ್ಲಿಗೇ ಬಿಡಿ.

ಕಂದು, ಕಪ್ಪು ಮೈಬಣ್ಣದವರಿಗೆ ಇನ್ನೊಂದು ಪರೀಕ್ಷೆ ಇದೆ: ಹತ್ತು ನಿಮಿಷ ಬಿಟ್ಟು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಪಟ್ಟಿ ಬೂದಿ ಬಳಿದಂತೆ ಕಂಡರೆ ಆ ಶೇಡಿನಲ್ಲಿ ಟೈಟಾನಿಯಂ ಡಯಾಕ್ಸೈಡ್‌ನಂಥ ಬಿಳಿ ಬಣ್ಣ ಹೆಚ್ಚಿದೆ ಎಂದರ್ಥ. ಲೇಬಲ್ ಓದಿ ಇದನ್ನು ಪತ್ತೆ ಮಾಡಲಾಗದು. ಬಣ್ಣದ ಪದಾರ್ಥಗಳನ್ನು ಸಾಮಾನ್ಯವಾಗಿ ಲೇಬಲ್ಲಿನ ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ, ಕೂಡು-ಕಳೆ (+/-) ಚಿಹ್ನೆಯ ನಂತರ, ಯಾವ ಅನುಕ್ರಮದಲ್ಲಾದರೂ ಬರೆಯಬಹುದು. ಹೆಸರು ಹಿಂದೆ ಇದ್ದ ಮಾತ್ರಕ್ಕೆ ಪ್ರಮಾಣ ಕಡಿಮೆ ಅಂತಲ್ಲ. ಪ್ಯಾನಿನಲ್ಲಿ ಹಾಲು ಬೆರೆಸಿದಂತೆ ಕಾಣುವ ತಿಳಿ ಗುಲಾಬಿ, ತಿಳಿ ಪೀಚ್‌ಗಳ ಮೇಲೆ ಅನುಮಾನ ಇರಲಿ. ಇಟ್ಟಿಗೆ ಕೆಂಪು, ನೇರಳೆ ಹಣ್ಣಿನ ಬಣ್ಣ, ಗಾಢ ಕಿತ್ತಳೆಗಳು ಪ್ಯಾನಿನಲ್ಲಿ ಹೆದರಿಸುತ್ತವೆ, ಕೆನ್ನೆಗೆ ಹೋದ ಮೇಲೆ ಸಹಜವಾಗುತ್ತವೆ.

ಬ್ಲಶ್

ಪೌಡರ್ ಬ್ಲಶ್ ತೇಪೆಯಾಗಲು ಮುಖ್ಯ ಕಾರಣ ಬ್ಲಶ್ ಅಲ್ಲ, ಕೆಳಗಿನ ಫೌಂಡೇಶನ್ ಇನ್ನೂ ಹಸಿಯಾಗಿರುವುದು. ಹಸಿ ಇದ್ದ ಕಡೆ ಪುಡಿ ಗಟ್ಟಿಯಾಗಿ ಹಿಡಿಯುತ್ತದೆ, ಒಣಗಿದ ಕಡೆ ಜಾರುತ್ತದೆ. ಆದ್ದರಿಂದ ಕೆನ್ನೆಗೆ ತೆಳ್ಳಗೆ ಪೌಡರ್ ಕೂರಿಸಿ ಶುರು ಮಾಡಿ. ಬ್ರಷ್ ಅದ್ದಿ, ಹಿಡಿಯನ್ನು ಎರಡು ಸಲ ತಟ್ಟಿ, ಮೊದಲ ಸ್ಪರ್ಶ ಅಂಗೈ ಹಿಂಭಾಗಕ್ಕೆ ಕೊಟ್ಟು ಆಮೇಲೆ ಕೆನ್ನೆಗೆ ಬನ್ನಿ. ಕೆನ್ನೆಯ ಮೂಳೆಯ ಮೇಲೆ ಕಿವಿಯ ಕಡೆಯಿಂದ ಒಳಕ್ಕೆ, ಮೂಗಿಗೆ ಎರಡು ಬೆರಳಿನಷ್ಟು ದೂರದಲ್ಲಿ ನಿಲ್ಲಿಸಿ. ಎರಡು-ಮೂರು ತೆಳು ಪದರಕ್ಕೆ ಬೇಕಾದ ಬಣ್ಣ ಬಂದರೆ ದಿನಬಳಕೆಗೆ ಅದೇ ಸರಿ. ಒಂದೇ ಪದರಕ್ಕೆ ಮುಖ ಕೆಂಪಾದರೆ ಬ್ಲಶ್ ಕೆಟ್ಟದ್ದೇನಲ್ಲ, ದಟ್ಟ ಕೂದಲಿನ ಬ್ರಷ್ ಬಿಟ್ಟು ಸಡಿಲವಾದದ್ದು ಹಿಡಿಯಿರಿ. ಆರು ಪದರ ಹಾಕಿದರೂ ಕಾಣದಿದ್ದರೆ ಪುಡಿಯಲ್ಲೇ ಸತ್ವವಿಲ್ಲ, ಇಲ್ಲವೇ ಪ್ಯಾನಿನ ಮೇಲ್ಮೈ ಗಟ್ಟಿಯಾಗಿದೆ.

ಮಿಲಾನಿಯ ಬೇಕ್ಡ್ ಬ್ಲಶ್‌ನಂಥವು ಮೊದಲ ದಿನ ಸಪ್ಪೆ ಅನ್ನಿಸುವುದುಂಟು. ಹಸಿ ಮಿಶ್ರಣವನ್ನು ಅಚ್ಚಿಗೆ ಹಾಕಿ ಒಣಗಿಸುವುದರಿಂದ ಗುಮ್ಮಟದ ಮೇಲ್ಪದರ ಗಡಸಾಗಿರುತ್ತದೆ. ಟಿಶ್ಯೂವಿನಿಂದ ಮೇಲ್ಪದರ ತಿಕ್ಕಿ ತೆಗೆದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಲಿಕ್ವಿಡ್ ಬ್ಲಶ್‌ನಲ್ಲಿ ಎಡವುವುದು ಪ್ರಮಾಣದಲ್ಲಿ. ರೇರ್ ಬ್ಯೂಟಿಯ ಸಾಫ್ಟ್ ಪಿಂಚ್‌ನಂಥ ಗಾಢ ಬಣ್ಣದವು ಕೆನ್ನೆಗೆ ಒಂದು ಚುಕ್ಕೆ ಸಾಕು, ಅದೂ ಕಡ್ಡಿಯಿಂದ ನೇರವಾಗಿ ಬೇಡ. ಅಂಗೈ ಹಿಂಭಾಗಕ್ಕೆ ಹಾಕಿ, ಒದ್ದೆ ಸ್ಪಂಜಿನಲ್ಲಿ ತೆಗೆದುಕೊಂಡು ಒತ್ತುತ್ತಾ ಹರಡಿ. ಅರ್ಧ ನಿಮಿಷದೊಳಗೆ ಕೆಲಸ ಮುಗಿಯಬೇಕು, ತಡವಾದರೆ ಚುಕ್ಕೆಯ ಅಂಚು ಅಲ್ಲೇ ಒಣಗಿ ನಿಲ್ಲುತ್ತದೆ. ಎರಡೂ ಕೆನ್ನೆಗೆ ಒಟ್ಟಿಗೆ ಚುಕ್ಕೆ ಇಡುವುದು ಈ ಕಾರಣಕ್ಕೇ ತಪ್ಪು. ಕ್ರೀಮ್, ಲಿಕ್ವಿಡ್‌ಗಳು ಪೌಡರ್‌ಗಿಂತ ಮೊದಲು. ಪೌಡರ್ ಮೇಲೆ ಹಚ್ಚಿದರೆ ಕೆಳಗಿನದನ್ನೆಲ್ಲ ಎಬ್ಬಿಸಿಬಿಡುತ್ತವೆ. ಉಜ್ಜುವಾಗ ಸಣ್ಣ ಸಣ್ಣ ಉಂಡೆ ಎದ್ದರೆ ಸಾಮಾನ್ಯವಾಗಿ ಕೆಳಗಿನ ಸನ್‌ಸ್ಕ್ರೀನ್ ಇನ್ನೂ ಕೂತಿಲ್ಲ, ಅಥವಾ ಸಿಲಿಕೋನ್ ಇರುವುದರ ಮೇಲೆ ನೀರಿನ ಅಂಶದ್ದು ಹೊಂದುತ್ತಿಲ್ಲ. ಹತ್ತು ನಿಮಿಷ ಕಾದು, ಉಜ್ಜುವ ಬದಲು ಒತ್ತಿ ನೋಡಿ.

ಹಚ್ಚಿ 2, 5, 8 ಗಂಟೆ ಕಳೆದ ಮೇಲೆ ಕನ್ನಡಿ ನೋಡಿ ಒಂದು ಸಾಲು ಬರೆದಿಟ್ಟುಕೊಳ್ಳಿ. ಎರಡನೇ ಗಂಟೆಯಲ್ಲಿ ನೋಡಬೇಕಾದದ್ದು ಬಣ್ಣ ತಿರುಗಿದೆಯೇ ಎಂದು. ಚರ್ಮದ ಎಣ್ಣೆ ಹೀರಿಕೊಂಡು ಕೆಲವು ಶೇಡ್‌ಗಳು ಕಪ್ಪಿಡುತ್ತವೆ, ಕೆಲವು ಕಿತ್ತಳೆಯಾಗುತ್ತವೆ. ಐದರಲ್ಲಿ ತೇಪೆ, ಎಂಟರಲ್ಲಿ ಉಳಿದದ್ದೆಷ್ಟು. ಶಿಮ್ಮರ್ ಬ್ಲಶ್ ಆದರೆ ಕನ್ನಡಿಗೆ ಹತ್ತಿರ ಹೋಗಿ ರಂಧ್ರಗಳನ್ನೂ ನೋಡಿ. 1999ರಲ್ಲಿ ಬಂದ ನಾರ್ಸ್‌ನ ಆರ್ಗ್ಯಾಸಂ ಶೇಡಿನಂಥ ಬಂಗಾರದ ಮಿನುಗಿನ ಪೀಚ್-ಗುಲಾಬಿ ಈಗ ಎಲ್ಲ ಬೆಲೆಯಲ್ಲೂ ಸಿಗುತ್ತದೆ. ಬಣ್ಣ ಹೋಲಿಸುವುದು ಸುಲಭ, ಮಿನುಗಿನ ಕಣದ ಗಾತ್ರ ಹೋಲಿಸಿ: ಕಣ ಒಂದೊಂದೇ ಬಿಡಿಯಾಗಿ ಕಾಣುವಷ್ಟು ದೊಡ್ಡದಿದ್ದರೆ ಅದು ಮಧ್ಯಾಹ್ನದ ಹೊತ್ತಿಗೆ ರಂಧ್ರಗಳನ್ನು ಎತ್ತಿ ತೋರಿಸುತ್ತದೆ.

ಜಾಸ್ತಿಯಾಯಿತು ಅಂದರೆ ಒರೆಸಬೇಡಿ. ಫೌಂಡೇಶನ್ ಹಚ್ಚಿದ ಸ್ಪಂಜಿನಲ್ಲಿ ಉಳಿದಿರುವುದನ್ನೇ ಅದರ ಮೇಲೆ ಮೆಲ್ಲಗೆ ಒತ್ತಿ.

ಪ್ಯಾಲೆಟ್

2010ರಲ್ಲಿ ಅರ್ಬನ್ ಡಿಕೇಯ 12 ಶೇಡ್‌ಗಳ ನೇಕೆಡ್ ಬಂದ ನಂತರ ಕಂದು-ಚಿನ್ನದ ಪ್ಯಾಲೆಟ್‌ಗಳಿಗೆ ಲೆಕ್ಕವಿಲ್ಲ. ಹಾಗಾಗಿ ಹೊಸದರ ಮುಚ್ಚಳ ತೆಗೆದಾಗ ಕೇಳಬೇಕಾದದ್ದು ಎಷ್ಟು ಪ್ಯಾನ್ ಇವೆ ಅಂತಲ್ಲ, ರೆಪ್ಪೆಯ ಮೇಲೆ ಎಷ್ಟು ಬೇರೆ ಬೇರೆ ಕಾಣುತ್ತವೆ ಅಂತ. ಕೆಂಪು-ಹಳದಿ ಛಾಯೆಯ ನಾಲ್ಕು ಕಂದುಗಳು ಪ್ಯಾನಿನಲ್ಲಿ ನಾಲ್ಕು, ಕಣ್ಣಿನ ಮೇಲೆ ಒಂದೇ. ನಿಮ್ಮ ಚರ್ಮಕ್ಕಿಂತ ಒಂದು ಮೆಟ್ಟಿಲು ಗಾಢವಾದ ಮ್ಯಾಟ್ ಒಂದು, ಚೆನ್ನಾಗಿ ಕಪ್ಪಾದ ಮ್ಯಾಟ್ ಒಂದು, ಚರ್ಮದ ಬಣ್ಣದ್ದೇ ಒಂದು: ಇಷ್ಟಿಲ್ಲದ ಪ್ಯಾಲೆಟ್ ಎಷ್ಟು ಚೆಂದ ಇದ್ದರೂ ಒಂಟಿಯಾಗಿ ಉಪಯೋಗಕ್ಕೆ ಬಾರದು. ಗಾಢ ಮೈಬಣ್ಣದವರ ರೆಪ್ಪೆಯಲ್ಲಿ ತಿಳಿ ಮ್ಯಾಟ್‌ಗಳು ಕಾಣಿಸುವುದೇ ಇಲ್ಲ, ಅವನ್ನು ಲೆಕ್ಕದಿಂದ ತೆಗೆದು ಬೆಲೆಯನ್ನು ಉಳಿದ ಶೇಡ್‌ಗಳಿಗೆ ಭಾಗಿಸಿ ನೋಡಿ. ತೂಕವನ್ನೂ ನೋಡಬೇಕು. ಬಿಡಿಯಾಗಿ ಮಾರುವ 26 ಮಿಲಿಮೀಟರ್ ಪ್ಯಾನಿನಲ್ಲಿ ಸುಮಾರು 1.5 ಗ್ರಾಂ ಇರುತ್ತದೆ. ಪ್ಯಾಲೆಟ್ ಒಳಗಿನದರಲ್ಲಿ ಒಂದು ಗ್ರಾಂಗಿಂತ ಕಡಿಮೆ ಇರುವುದೂ ಉಂಟು.

ಕಣ್ಣಿನ ಪರೀಕ್ಷೆ ಹೀಗೆ ನಡೆಯಲಿ. ಫೌಂಡೇಶನ್‌ಗಿಂತ ಮೊದಲು ಕಣ್ಣು ಮುಗಿಸಿ, ಉದುರಿದ್ದನ್ನು ಒರೆಸುವುದು ಸುಲಭ.

1. ರೆಪ್ಪೆಗೆ ಅಕ್ಕಿಕಾಳಿನಷ್ಟು ಪ್ರೈಮರ್ ಅಥವಾ ಕನ್ಸೀಲರ್. ಅದರ ಮೇಲೆ ಚರ್ಮದ ಬಣ್ಣದ ಮ್ಯಾಟ್ ಒತ್ತಿ, ಅಂಟು ಹೋಗಲಿ.
2. ತುಪ್ಪುಳದಂಥ ಬ್ರಷ್‌ನಲ್ಲಿ ಚರ್ಮಕ್ಕಿಂತ ಒಂದು ಮೆಟ್ಟಿಲು ಗಾಢವಾದ ಮ್ಯಾಟ್. ಬ್ರಷ್ಷನ್ನು ಹಿಡಿಯ ತುದಿಯಲ್ಲಿ ಹಿಡಿದು ಕಣ್ಣಿನ ಗುಳಿಯಲ್ಲಿ ಅತ್ತ ಇತ್ತ ಆಡಿಸಿ. ಬುಡದಲ್ಲಿ ಹಿಡಿದರೆ ಒತ್ತಡ ಹೆಚ್ಚಾಗಿ ಬಣ್ಣ ಎದ್ದುಹೋಗುತ್ತದೆ.
3. ಸಣ್ಣ ಬ್ರಷ್‌ನಲ್ಲಿ ಕಪ್ಪು ಮ್ಯಾಟ್, ಹೊರ ಮೂಲೆಗೆ ಮಾತ್ರ. ಮೊದಲು ಒತ್ತಿ, ಆಮೇಲೆ ಅಂಚನ್ನಷ್ಟೇ ಕರಗಿಸಿ.
4. ಶಿಮ್ಮರ್ ಎಡ ರೆಪ್ಪೆಗೆ ಒಣ ಚಪ್ಪಟೆ ಬ್ರಷ್‌ನಲ್ಲಿ, ಬಲ ರೆಪ್ಪೆಗೆ ಬೆರಳಿನಲ್ಲಿ. ವ್ಯತ್ಯಾಸ ತೀರಾ ದೊಡ್ಡದಿದ್ದರೆ ಅದು ಬೆರಳಿಗೆ, ಇಲ್ಲವೇ ಒದ್ದೆ ಬ್ರಷ್‌ಗೆ ಮಾತ್ರ ಒಗ್ಗುವ ಶಿಮ್ಮರ್.

ಪ್ಯಾಲೆಟ್‌ನ ಅಸಲಿ ಯೋಗ್ಯತೆ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ಕಪ್ಪು ಮ್ಯಾಟ್ ಸಮನಾಗಿ ಕೂತು, ಕಂದಿನ ಜೊತೆ ಅಂಚು ಬೆರೆತರೆ ಉಳಿದವೂ ಬಹುತೇಕ ಸರಿ ಇರುತ್ತವೆ. ನೇರಳೆ, ನೀಲಿ ಮ್ಯಾಟ್‌ಗಳಿಗೆ ಮಾತ್ರ ಸ್ವಲ್ಪ ರಿಯಾಯಿತಿ ಕೊಡಿ. ಆ ಬಣ್ಣಗಳನ್ನು ಸಮನಾಗಿ ಕೂರುವಂತೆ ಮಾಡುವುದು ದೊಡ್ಡ ಬೆಲೆಯವರಿಗೂ ಕಷ್ಟ. ಉಜ್ಜದೆ ಒತ್ತಿ ಹಚ್ಚಿದರೆ ಅರ್ಧ ಸಮಸ್ಯೆ ಕಡಿಮೆ. ಎಲ್ಲ ಸೇರಿ ಕೆಸರು ಬಣ್ಣವಾಯಿತೆಂದರೆ ಪ್ಯಾಲೆಟ್ ಬೈಯುವ ಮುಂಚೆ ಬ್ರಷ್ ನೋಡಿಕೊಳ್ಳಿ, ಶೇಡ್ ಬದಲಿಸುವಾಗ ಒಣ ಬಟ್ಟೆಗೆ ತಿಕ್ಕಿದ್ದೀರಾ? ಶಿಮ್ಮರ್ ಮಧ್ಯಾಹ್ನಕ್ಕೆ ಮಡಿಕೆಯಲ್ಲಿ ಗೆರೆಯಾಗಿ ಕೂತರೆ ಪ್ರೈಮರ್ ದಪ್ಪವಾಗಿರಬಹುದು. ತೆಳ್ಳಗೆ ಹಚ್ಚಿ ಮತ್ತೊಂದು ದಿನ ನೋಡಿ, ಆಗಲೂ ಹಾಗೇ ಆದರೆ ದೋಷ ಶಿಮ್ಮರ್‌ನದು.

ದುಡ್ಡು ಎಲ್ಲಿ ಹಾಕಬೇಕು? ಪೌಡರ್ ಬ್ಲಶ್‌ಗೆ ಹೆಚ್ಚು ಕೊಡುವ ಅಗತ್ಯ ಕಡಿಮೆ. ಅಗ್ಗದವುಗಳಲ್ಲೇ ಒಳ್ಳೆಯವು ಸಾಕಷ್ಟಿವೆ. ಶಿಮ್ಮರ್ ಐಶ್ಯಾಡೋ ಕೂಡ ಹಾಗೆಯೇ. ಮಧ್ಯಮ ಬೆಲೆಯದು ಬೇಕಾಗುವುದು ಮ್ಯಾಟ್‌ಗಳಿಗೆ, ಅದರಲ್ಲೂ ಗಾಢವಾದವಕ್ಕೆ. ಕನ್ನಡಿ, ಅಯಸ್ಕಾಂತದ ಮುಚ್ಚಳ, ದಪ್ಪ ಡಬ್ಬಿಗೂ ಬೆಲೆಯಲ್ಲಿ ಪಾಲಿದೆ ಅನ್ನುವುದು ನೆನಪಿರಲಿ.

ಕಣ್ಣು, ಚರ್ಮದ ಜೋಪಾನ

ಅಂಗಡಿಯ ಟೆಸ್ಟರ್ ಕಣ್ಣಿಗೆ ಬೇಡವೇ ಬೇಡ, ಕೈಗೆ ಮಾತ್ರ. ಚರ್ಮ ಸೂಕ್ಷ್ಮವಾಗಿದ್ದರೆ ಮೊಣಕೈ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆ ಎರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಒಂದು ದಿನದ ಪರೀಕ್ಷೆಯಲ್ಲಿ ನಿಧಾನದ ಅಲರ್ಜಿ ಸಿಕ್ಕಿಬೀಳುವುದಿಲ್ಲ. ಮಿನುಗಿಗಾಗಿ ಹಾಕುವ ಬಿಸ್ಮತ್ ಆಕ್ಸಿಕ್ಲೋರೈಡ್ ಕೆಲವರಿಗೆ ತುರಿಕೆ ತರುತ್ತದೆ. ಕಾರ್ಮೈನ್ ಅಥವಾ ಸಿಐ 75470 ಎಂದಿದ್ದರೆ ಅದು ಕೀಟದಿಂದ ತೆಗೆದ ಕೆಂಪು, ಸಸ್ಯಾಹಾರದ ವ್ರತ ಇರುವವರು ಗಮನಿಸಿ. ಪ್ಯಾಲೆಟ್ ಮೇಲೆ ಐಶ್ಯಾಡೋ ಎನ್ನದೆ ಪ್ರೆಸ್ಡ್ ಪಿಗ್ಮೆಂಟ್ ಎಂದು ಬರೆದಿದ್ದರೆ, ಕೆಲವು ಗುಲಾಬಿ, ಕೆಂಪು, ನೇರಳೆಗಳಿಗೆ ಅಮೆರಿಕದ ನಿಯಮದಲ್ಲಿ ಕಣ್ಣಿನ ಸುತ್ತ ಬಳಸಲು ಒಪ್ಪಿಗೆ ಇಲ್ಲದಿರಬಹುದು. ಅವು ರೆಪ್ಪೆಗೆ ಕಲೆ ಹಿಡಿಸುವುದೂ ಉಂಟು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ದಪ್ಪ ಗ್ಲಿಟರ್ ಇರುವ ಪ್ಯಾನ್ ಮುಟ್ಟದಿರುವುದು ಒಳ್ಳೆಯದು.

ಕೊನೆಯದಾಗಿ, ಚೆನ್ನಾಗಿದ್ದ ಶೇಡ್ ಕೆಲವು ವಾರಗಳಲ್ಲಿ ಬಣ್ಣ ಬಿಡುವುದನ್ನೇ ನಿಲ್ಲಿಸಿದರೆ ಎಸೆಯಬೇಡಿ. ಬೆರಳು, ಬ್ರಷ್‌ಗಳ ಎಣ್ಣೆ ಕೂತು ಮೇಲೆ ಹೊಳೆಯುವ ಗಟ್ಟಿ ಪದರ ಕಟ್ಟಿರುತ್ತದೆ. ಸೆಲ್ಲೋಟೇಪನ್ನು ಪ್ಯಾನಿಗೆ ಒತ್ತಿ ಎಳೆಯಿರಿ, ಪದರ ಟೇಪಿಗೆ ಅಂಟಿ ಬರುತ್ತದೆ. ಬರದಿದ್ದರೆ ಸ್ವಚ್ಛವಾದ ಹುಬ್ಬಿನ ಬ್ರಷ್‌ನಿಂದ ಮೆಲ್ಲಗೆ ಕೆರೆದು ಪುಡಿಯನ್ನು ತಟ್ಟಿ ಹಾಕಿ. ಕ್ರೀಮ್, ಲಿಕ್ವಿಡ್‌ಗಳಿಗೆ ಈ ಉಪಾಯ ನಡೆಯದು. ಅವುಗಳ ವಾಸನೆ ಬದಲಾದರೆ, ಅಥವಾ ಡಬ್ಬಿಯ ಮೇಲಿನ ತೆರೆದ ಮುಚ್ಚಳದ ಗುರುತಿನಲ್ಲಿ ಬರೆದಿರುವ 6, 12 ತಿಂಗಳು ದಾಟಿದರೆ ಕಸದ ಬುಟ್ಟಿಗೆ ಹಾಕಿ. ತೆರೆದ ದಿನಾಂಕವನ್ನು ಡಬ್ಬಿಯ ತಳದಲ್ಲಿ ಮಾರ್ಕರ್‌ನಿಂದ ಬರೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ.