ದೇವಿಮನೆ ಘಾಟಿಯಲ್ಲಿ ಪುಲ್ಲಿಂಗ್ ಸಾಯುತ್ತಿದ್ದ ಗಾಡಿ: ಟರ್ಬೋ ಬದಲಿಸದೆ ಸರಿ ಮಾಡಿದ್ದು

ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಶಿರಸಿ ಗ್ಯಾರೇಜಿಗೆ ಒಂದು 2.2 ಲೀಟರ್ ಡೀಸೆಲ್ ಎಸ್‌ಯುವಿ ಬಂತು. ಊರೊಳಗೆ ಓಡಿಸಿದರೆ ಏನೂ ತಕರಾರಿಲ್ಲ. ಕರಾವಳಿಯ ಕುಮಟೆಯಿಂದ ವಾಪಸ್ ಬರುವಾಗ ಕತಗಾಲ ದಾಟಿ ದೇವಿಮನೆ ಘಾಟಿ ಹತ್ತಲು ಶುರು ಮಾಡಿದರೆ ಪುಲ್ಲಿಂಗ್, ಅಂದರೆ ಎಳೆಯುವ ಶಕ್ತಿ, ಪೂರ್ತಿ ಸಾಯುತ್ತಿತ್ತು. ಇಂಜಿನ್ ಲೈಟು, ಗಾಡಿ ಜಾರದಂತೆ ತಡೆಯುವ ಇಎಸ್‌ಪಿಯ ಲೈಟು ಎರಡೂ ಒಟ್ಟಿಗೇ ಬರುತ್ತಿದ್ದವು. ಆಮೇಲೆ ಎಷ್ಟು ಒತ್ತಿದರೂ 2,500 ಆರ್‌ಪಿಎಂ ದಾಟುವುದಿಲ್ಲ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಮುಂದಿನ ಏರಿನವರೆಗೆ ಸರಿ.

ದೊಡ್ಡ ವರ್ಕ್‌ಶಾಪೊಂದರಲ್ಲಿ ಇಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಟರ್ಬೋ, ಬ್ರೇಕಿನ ಎಬಿಎಸ್ ಮಾಡ್ಯೂಲ್ ಎರಡೂ ಹೋಗಿವೆ ಎಂದು ಲಕ್ಷದ ಹತ್ತಿರ ಅಂದಾಜು ಕೊಟ್ಟಿದ್ದರು. ಯಜಮಾನರು ಆ ಕಾಗದ ಹಿಡಿದುಕೊಂಡೇ ಬಂದಿದ್ದರು. ಸ್ಕ್ಯಾನರಿನಲ್ಲಿ ಪಿ0299 ಅನ್ನುವ ತಪ್ಪಿನ ಕೋಡ್ ಬಂತು. ಟರ್ಬೋ ಒತ್ತಡ ಸಾಲದು ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಇಎಸ್‌ಪಿ ಲೈಟಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇಂಜಿನ್ನಿನ ಕಂಪ್ಯೂಟರ್ (ಇಸಿಯು) ತಪ್ಪು ತೋರಿಸಿದರೆ ಅದೂ ಜೊತೆಗೆ ಉರಿಯುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಮೊದಲ ವಾರ ನಾನೂ ದಾರಿ ತಪ್ಪಿದೆ. ಡೀಸೆಲ್ ಫಿಲ್ಟರ್ ಬದಲಿಸಿದೆ, ಹೊಗೆಯನ್ನು ಮತ್ತೆ ಇಂಜಿನ್‌ಗೆ ತಿರುಗಿಸುವ ಇಜಿಆರ್ ವಾಲ್ವ್ ತೊಳೆದೆ. ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ತರಿಸಿದ್ದು ಮೂರೂವರೆ ಸಾವಿರ. ಅದು ದಂಡ. ಹಳೇ ಸೆನ್ಸರ್ ಚೆನ್ನಾಗಿಯೇ ಇತ್ತು. ಇಂಜಿನ್ ಆಫ್, ಕೀ ಆನ್ ಇಟ್ಟಾಗ ಕುಮಟೆಯಲ್ಲಿ ಗಾಳಿಯ ಒತ್ತಡ 100 ಕೆಪಿಎ (ಕಿಲೋಪ್ಯಾಸ್ಕಲ್) ಚಿಲ್ಲರೆ, ಮೇಲೆ ಶಿರಸಿಯಲ್ಲಿ 94ರ ಆಸುಪಾಸು ತೋರಿಸುತ್ತಿತ್ತು. ಘಟ್ಟದ ಎತ್ತರವನ್ನು ಇಷ್ಟು ಸರಿಯಾಗಿ ಹೇಳುವ ಸೆನ್ಸರ್ ಕೆಟ್ಟಿರಲು ಸಾಧ್ಯವೇ? ತೆಗೆಯುವ ಮೊದಲೇ ಇದನ್ನು ನೋಡಬೇಕಿತ್ತು.

ಆಮೇಲೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿ, ಸೆನ್ಸರಿನ ಲೆಕ್ಕವನ್ನು ಮೊಬೈಲಿನಲ್ಲಿ ತೋರಿಸುವ ಎಂಟುನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಹಾಕಿ, ಮೂರನೇ ಗೇರಿನಲ್ಲಿ ಘಾಟಿ ಹತ್ತಿಸಿದೆ. 200 ಕೆಪಿಎ ದಾಟಬೇಕಾದ ಒತ್ತಡ 140ಕ್ಕೇ ನಿಂತಿತು. ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಇದು ಸಿಗುವುದೇ ಇಲ್ಲ. ಲೋಡ್ ಬೀಳಬೇಕು.

ಎಲ್ಲೋ ಗಾಳಿ ಸೋರುತ್ತಿದೆ ಅನ್ನಿಸಿತು. ಪಿವಿಸಿ ಎಂಡ್ ಕ್ಯಾಪಿಗೆ ತೂತು ಹೊಡೆದು ಟ್ಯೂಬ್‌ಲೆಸ್ ವಾಲ್ವ್ ಕೂರಿಸಿದೆ. ಅದನ್ನು ಟರ್ಬೋಗೆ ಗಾಳಿ ಹೋಗುವ ಪೈಪಿನ ಬಾಯಿಗೆ ಕ್ಲಾಂಪಿನಿಂದ ಬಿಗಿದು, ವಾಲ್ವಿನಿಂದ ಗಾಳಿ ತುಂಬಿದರೆ ಸೋರುವ ಜಾಗ ಗೊತ್ತಾಗುತ್ತದೆ. ಎಲ್ಲ ಸೇರಿ ಇನ್ನೂರು ರೂಪಾಯಿ ಆಗಿರಬಹುದು. "ಪೈಪಿನ ಮುಚ್ಚಳದಲ್ಲಿ ಟರ್ಬೋ ಪರೀಕ್ಷೆ ಮಾಡ್ತೀಯಾ ಮಾರಾಯಾ?" ಅಂದರು ಪಕ್ಕದ ಗ್ಯಾರೇಜಿನವರು. ಮೊದಲ ಸಲ ಕ್ಲಾಂಪ್ ಸಡಿಲಾಗಿ ಕ್ಯಾಪ್ ಹಾರಿ ಬಾನೆಟ್ಟಿಗೆ ಬಡಿಯಿತು. ಎರಡನೇ ಸಲ 10 ಪಿಎಸ್‌ಐ ನಿಂತಿತು, ಆದರೆ ಸೋಪು ನೀರು ಹಾಕಿದರೆ ಒಂದು ಗುಳ್ಳೆಯೂ ಇಲ್ಲ. ಇಂಜಿನ್ನಿನ ಒಳಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪನ್ನು ಹೇಗೆ ಮುಚ್ಚಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಸೋರುವ ಜಾಗ ಕಾಣಲಿ ಅಂತ ತೆಂಗಿನ ಸಿಪ್ಪೆಯ ಹೊಗೆಯನ್ನೂ ಬಿಟ್ಟು ನೋಡಿದೆ. ಪೈಪಿಗೆಲ್ಲ ಅಂಟು ಹಿಡಿದು, ತೊಳೆಯಲು ಅರ್ಧ ದಿನ ಹೋಯಿತು. ಮಾಡಬೇಡಿ.

ಗುಟ್ಟು ಇದ್ದದ್ದು ಬಿಸಿಯಲ್ಲಿ. ಗಾಡಿಯನ್ನು ಇಪ್ಪತ್ತು ಕಿಲೋಮೀಟರ್ ಓಡಿಸಿ ತಂದು, ರಬ್ಬರ್ ಮೆತ್ತಗಿರುವಾಗಲೇ 14 ಪಿಎಸ್‌ಐ ಕೊಟ್ಟೆ. 15 ಯಾವತ್ತೂ ದಾಟಿಸುವುದಿಲ್ಲ, ಸೀಲ್ ಹೋಗುತ್ತದೆ. ಟರ್ಬೋದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸನ್ನು ಕೈಯಲ್ಲಿ ಸ್ವಲ್ಪ ತಿರುಚಿದೆ. ಕ್ಲಾಂಪಿನ ಪಕ್ಕ, ಕೆಳಮೈಯಲ್ಲಿ, ಎರಡು ಇಂಚಿನ ಸೀಳು ಮೀನು ಬಾಯಿ ತೆರೆದ ಹಾಗೆ ತೆರೆದುಕೊಂಡಿತು. ಬಿಟ್ಟರೆ ಮತ್ತೆ ಮುಚ್ಚಿತು. ಮೇಲಿನಿಂದ ನೋಡಿದರೆ ಹೊಸ ಹೋಸಿನಂತಿತ್ತು. ಸೀಳಿನ ಸುತ್ತ ಮಾತ್ರ ಆಯಿಲ್ ಹಿಡಿದು ಘಾಟಿಯ ಕೆಂಪು ಧೂಳು ಮೆತ್ತಿಕೊಂಡಿತ್ತು.

ಹೊಸ ಹೋಸ್ ಹುಬ್ಬಳ್ಳಿಯಿಂದ ಬಂತು, ಸುಮಾರು 2,800. ಅದೇ ಘಾಟಿಯಲ್ಲಿ ಮೂರನೇ ಗೇರಿಗೆ ಹಾಕಿದಾಗ ಒತ್ತಡ 215 ಕೆಪಿಎವರೆಗೆ ಹೋಯಿತು. ಎರಡೂ ಲೈಟು ಮತ್ತೆ ಬರಲಿಲ್ಲ. ಮಜೂರಿ ಮೂರೂವರೆ ಸಾವಿರ ತಗೊಂಡೆ. ಸೆನ್ಸರಿನ ದುಡ್ಡು ಕೇಳಲಿಲ್ಲ, ಅದು ನನ್ನ ತಪ್ಪು.

ಮುಂದಿನ ತಿಂಗಳು ಕಾರವಾರದ ಗಾಡಿಯೊಂದು ಹೀಗೇ ಲೈಟು ಹೊತ್ತಿಸಿಕೊಂಡು ಬಂತು. ಅದರ ಹೋಸ್‌ಗಳೆಲ್ಲ ಸರಿ ಇದ್ದವು, ತಪ್ಪು ಇದ್ದದ್ದು ಅರ್ಥಿನಲ್ಲಿ. ಬ್ಯಾಟರಿಯ ನೆಗೆಟಿವ್ ಅನ್ನು ಇಂಜಿನ್‌ಗೆ ಜೋಡಿಸುವ ಅರ್ಥ್ ಪಟ್ಟಿ ಉಪ್ಪು ಗಾಳಿಗೆ ಹಸಿರು ಹಿಡಿದಿತ್ತು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್ ಬ್ಲಾಕಿಗೆ ಮೀಟರ್ ಹಿಡಿದರೆ 0.6 ವೋಲ್ಟ್ ಬರುತ್ತಿತ್ತು, 0.2ರೊಳಗೆ ಇರಬೇಕು. ಉಜ್ಜಿ, ಬಿಗಿದು, ವ್ಯಾಸಲೀನ್ ಹಚ್ಚಿ ಕಳಿಸಿದೆ. ಮುಚ್ಚಳ ನೋಡಿ ನಕ್ಕಿದ್ದ ಪಕ್ಕದವರು ಮೊನ್ನೆ ಅದನ್ನೇ ಎರಡು ದಿನಕ್ಕೆ ಕೇಳಿ ಒಯ್ದಿದ್ದಾರೆ.