ಗುಲಾಬಿ ನವಿಲು ಬಾಡಿದ್ದಕ್ಕೆ ಕಾರಣ ಸಿಕ್ಕಿತು

ಲಾಲ್‌ಬಾಗ್‌ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನ ನೋಡಿಯೇ ನನಗೆ ಹೂಗಳಿಂದ ಆಕೃತಿ ಮಾಡುವ ಈ ಹುಚ್ಚು ಹಿಡಿದಿದ್ದು. ಆದರೆ ನಮ್ಮೂರಿನ ಪ್ರದರ್ಶನಕ್ಕೆ ಮಾಡಿದ ಗುಲಾಬಿ ನವಿಲು ಮರುದಿನ ಬೆಳಿಗ್ಗೆಗೇ ಬಾಡಿ ನಿಂತಿತ್ತು. ಕರುಳು ಚುರುಕ್ ಅಂದಿತು. ಹೂ ಕಿತ್ತು, ಒಳಗಿನ ಹಸಿರು ಫೋಮ್ ಇಟ್ಟಿಗೆಯನ್ನು (ನೀರು ಹೀರಿಕೊಂಡು, ಚುಚ್ಚಿದ ಹೂಗಳಿಗೆ ಉಣಿಸುವ ಹಗುರ ದಿಮ್ಮಿ) ಚಾಕುವಿನಿಂದ ಸೀಳಿದೆ. ಹೊರಗೆ ಒದ್ದೆ, ನಡುವೆ ಒಣ ಪುಡಿ! ಅವಸರದಲ್ಲಿ ಅದನ್ನು ಬಕೆಟ್‌ ನೀರಿಗೆ ಕೈಯಿಂದ ಅದುಮಿದ್ದೆ. ಹಾಗೆ ಮಾಡಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಈ ಸಲ ಹೊಸ ಇಟ್ಟಿಗೆಯನ್ನು ಸುಮ್ನೆ ನೀರಿನ ಮೇಲೆ ತೇಲಿಬಿಟ್ಟೆ. ತಾನಾಗೇ ಮುಳುಗಿತು. ಕಾಂಡವನ್ನು ಓರೆಯಾಗಿ ಕತ್ತರಿಸಿ ಒಂದೇ ಸಲಕ್ಕೆ ಚುಚ್ಚಿದೆ. ಚುಚ್ಚಿದ ಮೇಲೆ ಹಿಂದಕ್ಕೆ ಎಳೆಯಬಾರದು, ತುದಿಯಲ್ಲಿ ಟೊಳ್ಳು ಉಳಿದು ಹೂವಿಗೆ ನೀರು ಸಿಗಲ್ಲ. ದಿನಾ ಬೆಳಿಗ್ಗೆ ಫೋಮ್‌ಗೆ ಮತ್ತೆ ನೀರುಣಿಸಿದೆ. ಮೂರನೇ ದಿನವೂ ನವಿಲಿನ ಕತ್ತು ನೆಟ್ಟಗೇ ಇತ್ತು.