ಹುಳಿ ವಾಸನೆ ಬಂದ ಕಿವಿ

ನಮ್ಮ ಲ್ಯಾಬ್ರಡಾರ್ ಕರಿಯನಿಗೆ ಮೊದಲ ಸಲ ಕಿವಿ ಸೋಂಕು ಬಂದದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಪದೇ ಪದೇ ತಲೆ ಕೊಡವುತ್ತಿದ್ದ, ಹಿಂಗಾಲಿನಿಂದ ಎಡಗಿವಿ ಕೆರೆದುಕೊಳ್ಳುತ್ತಿದ್ದ. ಉಣುಗು ಕಚ್ಚಿರಬೇಕೆಂದು ಹುಡುಕಿದೆ, ಸಿಗಲಿಲ್ಲ. ನಾಲ್ಕನೆಯ ದಿನ ಅವನು ನನ್ನ ಮಡಿಲಲ್ಲಿ ತಲೆಯಿಟ್ಟಾಗ ಹುಳಿ ಹೆಚ್ಚಾದ ದೋಸೆ ಹಿಟ್ಟಿನಂಥ ವಾಸನೆ ಮೂಗಿಗೆ ಬಡಿಯಿತು. ಕಿವಿ ಮಗುಚಿ ನೋಡಿದರೆ ಒಳಗೆಲ್ಲ ಕೆಂಪು, ಕಂದು ಬಣ್ಣದ ಜಿಗುಟು ಗುಗ್ಗೆ.

"ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಎರಡು ಹನಿ ಬಿಡಿ" ಎಂದರು ಪಕ್ಕದ ಮನೆಯ ಅಕ್ಕ. ಅವರದು ಪ್ರೀತಿಯ ಮಾತೇ. ಆದರೆ ನಾಯಿಯ ಕಿವಿಯ ನಾಳ ನೆಟ್ಟಗೆ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹೋದ ನೀರು, ಎಣ್ಣೆ ಅಲ್ಲೇ ನಿಲ್ಲುತ್ತದೆ. ಕಿವಿಯೊಳಗಿನ ತಮಟೆ ಹರಿದಿದ್ದರೆ ಕೆಲವು ಔಷಧಗಳೂ ಕಿವಿಯನ್ನು ಕೆಡಿಸಬಲ್ಲವು. ವೈದ್ಯರು ಬೆಳಕು ಬಿಟ್ಟು ತಮಟೆಯನ್ನು ನೋಡಿದರು, ಗುಗ್ಗೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಯೀಸ್ಟ್ ಬೆಳೆದಿತ್ತು. ಬ್ಯಾಕ್ಟೀರಿಯಾಕ್ಕೆ, ನುಸಿಗೆ ಬೇರೆ ಬೇರೆ ಮದ್ದು. ಹಾಗಾಗಿ ಹಳೆಯ ಬಾಟಲಿಯಲ್ಲಿ ಉಳಿದದ್ದನ್ನು ಊಹೆಯ ಮೇಲೆ ಹಾಕಬಾರದು.

ಹದಿನಾಲ್ಕು ದಿನ ಹಾಕಬೇಕಿದ್ದ ಹನಿಯನ್ನು ನಾನು ಐದೇ ದಿನಕ್ಕೆ ನಿಲ್ಲಿಸಿಬಿಟ್ಟೆ. ಕೆರೆತ ನಿಂತಿತ್ತಲ್ಲ! ತಿಂಗಳೊಳಗೆ ಸೋಂಕು ಮರಳಿತು, ಈ ಬಾರಿ ಎರಡೂ ಕಿವಿಗೆ. ಮುಟ್ಟಿದರೆ ನರಳುತ್ತಿದ್ದ. ಆ ನರಳಾಟ ನನ್ನಿಂದಾದದ್ದು, ಇಂದಿಗೂ ಮರೆಯಲಾರೆ.

ಈಗ ಮಲ್ಪೆ ಕಡಲಲ್ಲಿ ಆಡಿ ಬಂದ ಕೂಡಲೇ, ಸ್ನಾನವಾದ ಮೇಲೂ, ಜೋಲುಕಿವಿಯನ್ನು ಎತ್ತಿ ಬೈರಾಸಿನಿಂದ ಒರೆಸುತ್ತೇನೆ. ವೈದ್ಯರು ಕೊಟ್ಟ ಕಿವಿ ತೊಳೆಯುವ ದ್ರಾವಣವನ್ನು ತುಂಬಿ ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲನೆ ತಿಕ್ಕಿದರೆ ಪಚಪಚ ಸದ್ದು ಬರುತ್ತದೆ. ಆಮೇಲೆ ಅವನು ಕೊಡವಲಿ ಎಂದು ಬಿಡುತ್ತೇನೆ. ಹೊರಬಂದದ್ದನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ, ಬೆರಳು ಹೋಗುವಷ್ಟೇ ಒರೆಸುತ್ತೇನೆ. ಹತ್ತಿಕಡ್ಡಿ ಬೇಡವೇ ಬೇಡ, ಅದು ಗುಗ್ಗೆಯನ್ನು ಒಳಕ್ಕೆ ತಳ್ಳುತ್ತದೆ. ಶುದ್ಧವಾಗಿರುವ ಕಿವಿಯನ್ನು ದಿನವೂ ತೊಳೆದರೂ ಚರ್ಮ ಕೆರಳುತ್ತದೆ.

ಪ್ರತಿ ಭಾನುವಾರ ಎರಡೂ ಕಿವಿಯನ್ನು ಮೂಸಿ ನೋಡುತ್ತೇನೆ. ಚೆನ್ನಾಗಿದ್ದಾಗಿನ ವಾಸನೆ ಗೊತ್ತಿದ್ದರೆ ಕೆಟ್ಟದ್ದು ಬೇಗ ತಿಳಿಯುತ್ತದೆ. ಇಷ್ಟಾದರೂ ಮತ್ತೆ ಮತ್ತೆ ಬಂದರೆ ಮೂಲ ಅಲರ್ಜಿಯಲ್ಲಿರಬಹುದು, ಕೇಳಿ ಪರೀಕ್ಷೆ ಮಾಡಿಸಿ. ತಲೆ ಒಂದು ಕಡೆಗೆ ವಾಲಿದರೆ, ನಡಿಗೆ ತಪ್ಪಿದರೆ, ಕಿವಿಯ ಹಾಳೆ ದಿಂಬಿನಂತೆ ಊದಿದರೆ ಮರುದಿನಕ್ಕೆ ಕಾಯಬೇಡಿ.